ಗುಂಟೆಗೆ ಡಬಲ್ ಯಾಕ್ರಿ?

‘ಸ್ಟೋರೇಜ್ ಚೀಪು ಗುರು. ನಂಬರ್ ಅಂದ್ರೆ ಬಿಗ್‌ಇಂಟ್ ಹಾಕು, ಪಾಯಿಂಟ್ ಇದ್ರೆ ಡಬಲ್ ಹಾಕು, ಮುಂದಿನ ಟಿಕೆಟ್ ತಗೋ.’ ಬೆಂಗಳೂರಿನ ಆಫೀಸುಗಳಲ್ಲಿ ಇದನ್ನು ಬುದ್ಧಿಮಾತು ಅಂತ ಹೇಳುವವರಿದ್ದಾರೆ. ಮುಧೋಳ ಕಡೆ ಹಳ್ಳಿಯ ನನಗೆ ಇದು ಶುದ್ಧ ಸೋಮಾರಿತನ.

ಪಹಣಿ ನೋಡ್ರಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಅಣ್ಣನ ಪಾಲು 2 ಎಕರೆ 20 ಗುಂಟೆ, ತಮ್ಮನದು 1 ಎಕರೆ 30 ಗುಂಟೆ. ನಮ್ಮ ಎಂಜಿನಿಯರ್ ಸಾಹೇಬರು ಇದನ್ನು 2.20, 1.30 ಅಂತ ಡಬಲ್ ಕಾಲಮ್ಮಿಗೆ ತುಂಬಿ ಕೂಡಿಸುತ್ತಾರೆ: 3.50! ಎಕರೆ ಮೇಲೆ 50 ಗುಂಟೆ ಯಾವ ಊರಾಗ ಐತ್ರಿ? ಅದು 4 ಎಕರೆ 10 ಗುಂಟೆ ಅಂತ ಸಾಲಿ ಕಲಿಯದ ನಮ್ಮವ್ವ ಬೆರಳೆಣಿಸಿ ಹೇಳ್ತಾಳ. ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ಟರೆ ಮುಗೀತು. ಎಕರೆಗೆ 640 ಆಣೆ. ಎರಡು ಬೈಟಿನ ಸ್ಮಾಲ್‌ಇಂಟ್‌ನಲ್ಲೇ 51 ಎಕರೆ ಕೂರುತ್ತದೆ. ಅದೂ ಸಾಲದ ಸಾಹುಕಾರರಿಗೆ ಅನ್‌ಸೈನ್ಡ್ ಮಾಡಿ, 102 ಎಕರೆ.

ಚೀಪು ಅಂದ್ರಲ್ಲ, ಅದನ್ನೂ ಲೆಕ್ಕ ಹಾಕೋಣ. ಇನ್ನೋಡಿಬಿಯಲ್ಲಿ ಪ್ರೈಮರಿ ಕೀ ಪ್ರತಿ ಸೆಕೆಂಡರಿ ಇಂಡೆಕ್ಸಿನಲ್ಲೂ ಮತ್ತೊಮ್ಮೆ ಕೂರುತ್ತದೆ. 10 ಕೋಟಿ ಸಾಲು, 5 ಇಂಡೆಕ್ಸ್ ಇದ್ದರೆ ಇಂಟ್ ಬದಲು ಬಿಗ್‌ಇಂಟ್ ಹಾಕಿದ್ದಕ್ಕೆ 240 ಕೋಟಿ ಬೈಟ್ ದಂಡ. ಅದು ಬರೀ ಡಿಸ್ಕ್ ಅಲ್ಲ, ರ‍್ಯಾಮನ್ನೂ ತಿನ್ನುತ್ತದೆ.

ಕಬ್ಬಿನದು ಇನ್ನೂ ಸೂಕ್ಷ್ಮ. ಟನ್ನಿಗೆ 3,500 ರೂಪಾಯಿ ಬೇಕೆಂದು 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆಯ ರೈತರು ರಸ್ತೆಗಿಳಿದರು. ಆ ದರವನ್ನು ಗುಣಿಸುವುದು ಕಾಟಾದ ತೂಕದಿಂದ. ಒಟ್ಟು ತೂಕವನ್ನು ಯಾರೋ ನಾಲ್ಕು ಬೈಟಿನ ಫ್ಲೋಟ್‌ನಲ್ಲಿ ಇಟ್ಟರೆ? 1,67,77,216 ಕಿಲೋ ಮುಟ್ಟಿದ ಮೇಲೆ ಒಂದು ಕಿಲೋ ಕೂಡಿಸಿದರೆ ಅಂಕಿ ಅಲುಗುವುದೇ ಇಲ್ಲ. ದಿನಕ್ಕೆ 10 ಸಾವಿರ ಟನ್ ಅರೆಯುವ ಕಾರ್ಖಾನೆ ಎರಡನೇ ದಿನಕ್ಕೇ ಆ ಗಡಿ ದಾಟುತ್ತದೆ. ತೂಕಕ್ಕೆ ಕಿಲೋ ಲೆಕ್ಕದಲ್ಲಿ ಪೂರ್ಣಾಂಕ, ದುಡ್ಡಿಗೆ ಡೆಸಿಮಲ್. ಇದರಲ್ಲಿ ಚರ್ಚೆ ಏನೈತಿ?

ಹಂಗಂತ ಜಿಪುಣತನವೂ ಬ್ಯಾಡ. ಒಂದು ಪ್ರಾಜೆಕ್ಟಿನಲ್ಲಿ ಗಾಡಿ ತೂಕಕ್ಕೆ ನಾನೇ ಸ್ಮಾಲ್‌ಇಂಟ್ ಹಾಕಿದ್ದೆ, ಜಾಣ ಅನ್ಕೊಂಡು. ಅದರ ಮಿತಿ 32,767. ಮೈಎಸ್‌ಕ್ಯೂಎಲ್‌ನ ಸ್ಟ್ರಿಕ್ಟ್ ಮೋಡ್ ಆಫ್ ಇತ್ತು. 33 ಟನ್ನಿನ ಗಾಡಿಯನ್ನು ಅದು 32,767ಕ್ಕೆ ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಯಿತು. ಟೆಸ್ಟಿಂಗಿನಲ್ಲಿದ್ದ ಬನಹಟ್ಟಿಯ ಹುಡುಗಿ ಕೇಳಿದಳು: ‘ಸರ್, ಉಳಿದ 233 ಕಿಲೋ ಯಾರ ಮನಿಗೆ ಹೋತ್ರಿ?’

3,500ರ ದರದಲ್ಲಿ ಅದು 815 ರೂಪಾಯಿ 50 ಪೈಸೆ. ಒಂದೇ ಗಾಡಿಗೆ.