ದಿನಕ್ಕೊಂದು ಪದ, ಯಾರ ಉದ್ಧಾರಕ್ಕೆ?

ದಿನಕ್ಕೊಂದು ಇಂಗ್ಲಿಷ್ ಪದ ಕಲಿತರೆ ವರ್ಷಕ್ಕೆ 365 ಪದವಾಯಿತು, ಹನಿಗೂಡಿದರೆ ಹಳ್ಳ ಎಂದು ನಮಗೆ ಬೋಧಿಸುವವರು ಬಹಳ ಮಂದಿ. ಪತ್ರಿಕೆಯ ಮೂಲೆಯಲ್ಲಿ, ಕ್ಯಾಲೆಂಡರಿನ ಹಾಳೆಯಲ್ಲಿ, ಈಗ ಮೊಬೈಲಿನಲ್ಲೂ ಬೆಳಗಾಗುತ್ತಲೇ ಪದವೊಂದು ಹಾಜರು. ಲೆಕ್ಕವೇನೋ ಸರಿ. ಆದರೆ ಭಾಷೆ ಡಬ್ಬಿಯಲ್ಲಿ ಕೂಡಿಡುವ ಚಿಲ್ಲರೆಯಲ್ಲ.

ಈ ಗೀಳು ಬಂದದ್ದೆಲ್ಲಿಂದ? ಅಮೆರಿಕದ ರೀಡರ್ಸ್ ಡೈಜೆಸ್ಟಿನಲ್ಲಿ ವಿಲ್ಫ್ರೆಡ್ ಫಂಕ್ 1945ರಲ್ಲಿ ಪದಸಂಪತ್ತಿನ ಅಂಕಣ ಆರಂಭಿಸಿದರು. ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ' 1949ರಲ್ಲಿ ಬಂತು. ಎರಡೂ ಆಗಲೇ ಇಂಗ್ಲಿಷ್ ಓದಬಲ್ಲವರಿಗಾಗಿ ಹುಟ್ಟಿದವು. ಉಂಡವರು ಮೆಲ್ಲುವ ಎಲೆಯಡಿಕೆಯನ್ನು ಹಸಿದವರ ಮುಂದಿಟ್ಟು ಇದೇ ಊಟ ಎಂದರೆ ಹೇಗೆ?

ಇಂಗ್ಲೆಂಡಿನ ಸಿ.ಕೆ. ಆಗ್ಡೆನ್ 1930ರಲ್ಲೇ ಬೇರೆ ದಾರಿ ತೋರಿಸಿದ್ದರು. ಅವರ 'ಬೇಸಿಕ್ ಇಂಗ್ಲಿಷ್' ಪಟ್ಟಿಯಲ್ಲಿ ಇದ್ದದ್ದು 850 ಪದ. ಅದರಲ್ಲಿ ಕ್ರಿಯಾಪದಗಳು ಬರೀ 18: ಗೋ, ಕಮ್, ಗಿವ್, ಟೇಕ್, ಪುಟ್ ಇಂಥವು. ಇವು ನಮಗೆ ಗೊತ್ತಿಲ್ಲವೇ? ಕುಕ್ಕರ್, ಗ್ಯಾಸ್, ಬಿಲ್, ಟಿಕೆಟ್, ಪಾಸ್‌ಬುಕ್ ಎಂದು ದಿನವಿಡೀ ಆಡುವ ನಮಗೆ ಪದಗಳ ಬರವಿಲ್ಲ. ಬರ ಇರುವುದು ಅವನ್ನು ಪೋಣಿಸುವ ದಾರಕ್ಕೆ, ಬಾಯಿ ತೆರೆಯುವ ಧೈರ್ಯಕ್ಕೆ.

ನಮ್ಮ ಕನ್ನಡವನ್ನೇ ನೋಡಿ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ. ಯಾವ ತಾಯಿ ಮಗಳಿಗೆ ಸೋಮವಾರ 'ಉಡು', ಮಂಗಳವಾರ 'ಮುಡಿ' ಎಂದು ಬಾಯಿಪಾಠ ಮಾಡಿಸಿದ್ದಾಳೆ? ಸೀರೆಯೊಂದಿಗೆ ಉಡುವುದು ಬಂತು, ಹೂವಿನೊಂದಿಗೆ ಮುಡಿಯುವುದು ಬಂತು. ಒಂಟಿ ಪದ ಮೂರು ದಿನಕ್ಕೆ ಮರೆತುಹೋಗುತ್ತದೆ, ಕೆಲಸದ ಜೊತೆ ಬಂದ ಪದ ಉಳಿಯುತ್ತದೆ.

ಇದು ಬರೀ ಹರಟೆಯ ಮಾತಲ್ಲ. ನನ್ನ ನಾದಿನಿಯ ಡೈರಿಯಲ್ಲಿ ಇಂಥ ಇನ್ನೂರು ಪದಗಳಿದ್ದವು, ಅರ್ಥಸಹಿತ. ಆದರೂ ಸಂಬಂಧಿಕರೊಬ್ಬರ ಸಾಲದ ಅರ್ಜಿಯಲ್ಲಿ 'ಗ್ಯಾರಂಟರ್' ಎಂದಿದ್ದ ಕಡೆ, ಬರೀ ಸಾಕ್ಷಿ ಎಂದುಕೊಂಡು ಸಹಿ ಹಾಕಿದಳು. ಸಾಲಗಾರ ಕಟ್ಟಲಿಲ್ಲ. ನೋಟೀಸು ಇವಳ ಮನೆಗೆ ಬಂತು. ಅವಳ ಇನ್ನೂರರಲ್ಲಿ ಆ ಒಂದು ಪದ ಇರಲಿಲ್ಲ. ಯಾಕೆಂದರೆ ಅದು ಅಲಂಕಾರದ ಪದವಲ್ಲ.

"ಇಷ್ಟಾದರೂ ಕಲಿಯಲಿ ಬಿಡಿ, ನಷ್ಟವೇನು?" ಎನ್ನುವವರಿದ್ದಾರೆ. ನಷ್ಟವಿದೆ ಸ್ವಾಮಿ. ವರ್ಷವಿಡೀ ಕಲಿತೂ ಮಾತು ಬರದಿದ್ದಾಗ ಹೆಂಗಸು ಆ ಪದ್ಧತಿಯನ್ನು ದೂರುವುದಿಲ್ಲ, "ನನ್ನ ತಲೆಗೆ ಹತ್ತುವುದಿಲ್ಲ" ಎಂದು ತನ್ನನ್ನೇ ದೂರಿಕೊಳ್ಳುತ್ತಾಳೆ. ಮಕ್ಕಳ ಶಾಲೆಯ ಸಭೆಯಲ್ಲಿ ಹಿಂದಿನ ಬೆಂಚು ಹಿಡಿಯುತ್ತಾಳೆ.

ಆದ್ದರಿಂದ ಅಕ್ಕತಂಗಿಯರೇ, ಯಾರೋ ಆರಿಸಿ ಕಳಿಸಿದ ಪದ ಬೇಡ. ನಿಮ್ಮ ಸಹಿ ಬೀಳುವ ಕಾಗದದಿಂದ, ಔಷಧಿಯ ಚೀಟಿಯಿಂದ, ವಿಮೆಯ ಪತ್ರದಿಂದ ನೀವೇ ಆರಿಸಿ. ಅದನ್ನೊಂದು ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಆಡಿ, ತಪ್ಪಾದರೂ ಸರಿ. ನಗುವವರು ನಗಲಿ. ಅವರೇನು ನಮ್ಮ ಸಾಲ ಕಟ್ಟುತ್ತಾರೆಯೇ?