ದಿಮ್ಮಿಗಳ ಭಾರವೂ ಲೋಡರಿನ ಮುರಿತವೂ

ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಯಿಸಿದ ಸಿಲ್ವರ್ ಓಕ್ ಮರಗಳನ್ನು ಕಡಿದು ಸಾಗಿಸುವಾಗ, ಟ್ರ್ಯಾಕ್ಟರಿನ ಮುಂಭಾಗಕ್ಕೆ ಜೋಡಿಸುವ ಲೋಡರು ಹತ್ತಾಳಿನ ಕೆಲಸವನ್ನು ಹಗುರಗೊಳಿಸುವುದೆಂಬುದು ಅದನ್ನು ಉಪಯೋಗಿಸುವ ಜಮೀನ್ದಾರರಿಗೆಲ್ಲ ತಿಳಿದ ವಿಷಯವು. ಆದರೆ ಇದೇ ಕೆಲಸದಲ್ಲಿ ಅದರ ಫೋರ್ಕುಗಳು ಬಾಗುವುದೂ, ಪಿನ್ನುಗಳು ತುಂಡಾಗುವುದೂ, ಬೆಸುಗೆಗಳು ಬಿರಿಯುವುದೂ ಉಂಟು. ಹೀಗಾದಾಗ ಕಬ್ಬಿಣವು ಕಳಪೆಯೆಂದು ತಯಾರಕರನ್ನು ದೂರುವುದು ಒಂದು ವಾಡಿಕೆ. ಮುರಿದ ಭಾಗದ ಬೆಲೆಯನ್ನು ಚಾಲಕನ ಕೂಲಿಯಲ್ಲಿ ಹಿಡಿದುಕೊಳ್ಳುವುದು ಇನ್ನೊಂದು. ಎರಡನೆಯದು ಬಹುಮಟ್ಟಿಗೆ ಅನ್ಯಾಯವೆಂದೇ ಹೇಳಬೇಕು. ದಿಮ್ಮಿಯನ್ನು ಎಷ್ಟುದ್ದಕ್ಕೆ ಕೊಯ್ಯಿಸಬೇಕೆಂಬುದನ್ನು ಗೊತ್ತುಮಾಡುವವನು ಚಾಲಕನಲ್ಲ, ಯಜಮಾನನು.

ಭಾರವನ್ನು ಕಣ್ಣಳತೆಯಿಂದ ನಿರ್ಧರಿಸುವುದೇ ಇಲ್ಲಿಯ ಮೂಲದೋಷವು. ೬ ಅಡಿ ಸುತ್ತಳತೆಯ, ೧೦ ಅಡಿ ಉದ್ದದ ದಿಮ್ಮಿಯೊಂದನ್ನು ತೆಗೆದುಕೊಳ್ಳಬಹುದು. ಸುತ್ತಳತೆಯ ಕಾಲುಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಮರದ ವ್ಯಾಪಾರದ ಲೆಕ್ಕದಂತೆ ಇದು ೨೨½ ಘನ ಅಡಿಯಾಗುವುದು. ಆದರೆ ಈ ಲೆಕ್ಕವು ಕೊಯ್ತದಲ್ಲಿ ನಷ್ಟವಾಗುವ ಅಂಚನ್ನು ಬಿಟ್ಟು ಮಾಡಿದುದು. ಲೋಡರಿಗೆ ಅಂಥ ರಿಯಾಯಿತಿಯೇನೂ ಇಲ್ಲ. ಸುತ್ತಳತೆಯನ್ನು ವರ್ಗಮಾಡಿ, ಉದ್ದದಿಂದ ಗುಣಿಸಿ, ೧೨½ರಿಂದ ಭಾಗಿಸಿದರೆ ನಿಜವಾದ ಗಾತ್ರವು ಸುಮಾರು ೨೯ ಘನ ಅಡಿಗಳೆಂದು ತಿಳಿಯುವುದು. ಆಗತಾನೆ ಕಡಿದ ಹಸಿ ಮರವು ಅನೇಕ ವೇಳೆ ನೀರಿನಷ್ಟೇ ತೂಗುವುದರಿಂದ, ಘನ ಅಡಿಗೆ ೨೮ ಕಿಲೋಗ್ರಾಂನಂತೆ ಇದರ ಭಾರವು ೮೦೦ ಕಿಲೋಗ್ರಾಂ ದಾಟುವುದು. ಸುತ್ತಳತೆ ಇಮ್ಮಡಿಯಾದರೆ ಭಾರವು ನಾಲ್ಮಡಿಯಾಗುವುದೆಂಬುದನ್ನೂ ಮರೆಯಲಾಗದು.

ಇನ್ನು ಲೋಡರಿನ ಶಕ್ತಿಯ ವಿಚಾರ. ತಯಾರಕರ ಪಟ್ಟಿಯಲ್ಲಿ ೧೦೦೦ ಕಿಲೋಗ್ರಾಂ ಎಂದಿದ್ದರೆ, ಅದು ಸಾಮಾನ್ಯವಾಗಿ ತೋಳುಗಳ ತುದಿಯ ಪಿನ್ನಿನ ಬಳಿ ಎತ್ತಬಹುದಾದ ಭಾರವು. ದಿಮ್ಮಿಯನ್ನು ಕಚ್ಚಿ ಹಿಡಿಯುವ ಇಕ್ಕಳವೇ ೨೦೦ ಕಿಲೋಗ್ರಾಂ ಇದ್ದರೆ ಉಳಿಯುವುದು ೮೦೦. ದಿಮ್ಮಿಯ ನಡುಭಾಗವು ಪಿನ್ನಿನಿಂದ ಎರಡಡಿ ಮುಂದಿರುವುದರಿಂದ ಅದೂ ಪೂರ್ತಿಯಾಗಿ ದೊರೆಯದು. ನೀರೆತ್ತುವ ಏತದ ಮರದ ಮೇಲೆ ನಡೆದವರಿಗೆ ಈ ನ್ಯಾಯವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಮೇಲೆತ್ತುವಾಗ ಭಾರವು ಮಿತಿಮೀರಿದರೆ ಎಣ್ಣೆಯ ಒತ್ತಡದ ರಕ್ಷಣಾ ಕವಾಟವು ತೆರೆದು ತೋಳು ನಿಂತುಬಿಡುವುದು. ಆಗ ಚಾಲಕನು ಫೋರ್ಕಿನ ತುದಿಯನ್ನು ದಿಮ್ಮಿಯ ಕೆಳಗೆ ತೂರಿಸಿ, ಟ್ರ್ಯಾಕ್ಟರನ್ನೇ ಮುಂದಕ್ಕೆ ನುಗ್ಗಿಸಿ ಮೀಟಲು ತೊಡಗುವನು. ಮುರಿತವಾಗುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ. ಟ್ರ್ಯಾಕ್ಟರಿನ ತೂಕವೂ ವೇಗವೂ ಸೇರಿದ ಹೊಡೆತವು ನೇರವಾಗಿ ಕಬ್ಬಿಣಕ್ಕೆ ತಗಲುವುದು. ಅದನ್ನು ತಡೆಯಲು ಆ ಕವಾಟವು ಸಾಲದು. ಒಂದೇ ಫೋರ್ಕಿನಿಂದ ಮೀಟಿದರಂತೂ ತೋಳುಗಳೇ ತಿರುಚಿಕೊಳ್ಳುವುವು. ಎತ್ತಿದ ಭಾರವನ್ನು ರಭಸದಿಂದ ಇಳಿಸಿ ತಟ್ಟನೆ ತಡೆಯುವುದೂ ಅಷ್ಟೇ ಹಾನಿಕರವು.

ಮುರಿದ ಫೋರ್ಕನ್ನು ಹತ್ತಿರದ ಅಂಗಡಿಯಲ್ಲಿ ಬೆಸೆಯಿಸಿ ಮಾರನೆಯ ದಿನವೇ ಕೆಲಸಕ್ಕೆ ಹಚ್ಚುವುದು ಮಿತವ್ಯಯವಲ್ಲ. ಫೋರ್ಕಿನ ಉಕ್ಕನ್ನು ಕಾಯಿಸಿ ಹದಗೊಳಿಸಿರುವರು; ಬೆಸುಗೆಯ ಕಾವಿನಿಂದ ಆ ಹದವು ಕೆಡುವುದು. ಅನಂತರ ಅದು ಬೆಸುಗೆಯ ಪಕ್ಕದಲ್ಲಿಯೇ, ಮುನ್ಸೂಚನೆಯಿಲ್ಲದೆ ಮುರಿಯಬಹುದು. ಆಗ ದಿಮ್ಮಿಯ ಬಳಿ ನಿಂತ ಕೂಲಿಯಾಳಿನ ಕಾಲಿಗೆ ಬೆಲೆ ಕಟ್ಟುವವರಾರು? ಫೋರ್ಕಿನ ಮೂಲೆಯಲ್ಲಿ ದಪ್ಪವು ಹತ್ತರಲ್ಲೊಂದು ಪಾಲು ಸವೆದರೆ ಬಲವು ಸುಮಾರು ಐದರಲ್ಲೊಂದು ಪಾಲು ಕುಗ್ಗುವುದು, ಅಂಥದನ್ನು ಬದಲಾಯಿಸತಕ್ಕದ್ದು.

ಗಿಡ್ಡ ದಿಮ್ಮಿಗೆ ವ್ಯಾಪಾರಿಯು ಕಡಮೆ ದರ ಕೊಡುವನೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಉದ್ದವನ್ನು ಉಳಿಸಲೇಬೇಕಾದಲ್ಲಿ ಎತ್ತುವ ಹಟವನ್ನು ಬಿಟ್ಟು, ಸರಪಣಿಯಿಂದ ಎಳೆಯಿಸುವುದೇ ಲೇಸು. ಸರಪಣಿಯನ್ನು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಕೆಳಗಿರುವ ಎಳೆಪಟ್ಟಿಗೆ ಮಾತ್ರವೇ ಕಟ್ಟತಕ್ಕದ್ದು. ಮೇಲೆ ಕಟ್ಟಿದರೆ ಮುಂದಿನ ಚಕ್ರಗಳು ಎದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಹಿಮ್ಮಗುಚುವ ಅಪಾಯವಿದೆ.