ಜಡ್ಜ್ ಸಾಹೇಬರಿಗೂ ಓಟು ಹಾಕಬೇಕಾ?

ಹೋದ ತಿಂಗಳು ಮಾಗಡಿ ಕಡೆಯ ರೈತರೊಬ್ಬರು ಬಿನ್ನಿಪೇಟೆಯ ನಮ್ಮ ರೂಮಿಗೆ ಬಂದಿದ್ದರು. ಕಂಕುಳಲ್ಲಿ ಫೈಲು, ಮುಖದಲ್ಲಿ ಸಿಟ್ಟು. ಸೈಟಿನ ವ್ಯಾಜ್ಯಕ್ಕೆ ಬೆಳಗಿನ ಬಸ್ಸಿಗೇ ಬಂದು ಕೋರ್ಟಲ್ಲಿ ಕೂತಿದ್ದಾರೆ. ಜಡ್ಜ್ ವರ್ಗ ಆಗಿದ್ದಾರೆ, ಹೊಸಬರು ಬಂದಿಲ್ಲ, ಮುಂದಿನ ತಾರೀಕು ತಗೊಳ್ಳಿ ಅಂದರಂತೆ. ಟೀ ಕುಡಿಯುತ್ತಾ ಹೇಳಿದರು: "ಪಂಚಾಯ್ತಿ ಮೆಂಬರಿಗೆ ಓಟು ಹಾಕ್ತೀವಿ, ಎಮ್ಮೆಲ್ಲೆಗೆ ಹಾಕ್ತೀವಿ. ಜಡ್ಜಿಗೂ ನಾವೇ ಹಾಕೋ ಹಂಗಿದ್ರೆ ಗೊತ್ತಾಗೋದು."

ಅಣ್ಣನ ಸಿಟ್ಟು ನಮಗೆ ಅರ್ಥವಾಗುತ್ತದೆ. ಅವರು ಹೇಳಿದ ಮದ್ದನ್ನು ಮಾತ್ರ ಒಪ್ಪುವುದಿಲ್ಲ.

ಓಟು ಹಾಕಿ ಜಡ್ಜ್ ಮಾಡುವ ಪದ್ಧತಿ ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ. ಟೆಕ್ಸಾಸ್‌ನಲ್ಲಂತೂ ಜಡ್ಜುಗಳು ಪಕ್ಷದ ಟಿಕೆಟ್ ಮೇಲೇ ನಿಲ್ಲುತ್ತಾರೆ. ಅಂದರೆ ಪ್ರಚಾರ, ಚಂದಾ, ಬೆಂಬಲಿಗರು ಎಲ್ಲ ಇರುತ್ತದೆ. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೇ ಎಷ್ಟು ಖರ್ಚಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಜಡ್ಜ್ ಚುನಾವಣೆಗೆ ಆ ದುಡ್ಡು ಕೊಡುವವರು ಯಾರು? ನಿಮ್ಮ ಬದುವಿನ ಪಕ್ಕದಲ್ಲೇ ಲೇಔಟ್ ಮಾಡಿ, ನಿಮ್ಮ ಮೇಲೆ ಕೇಸು ಹಾಕಿದವನೇ ಕೊಡುತ್ತಾನೆ.

ಈಗ ನಮ್ಮ ಬೆಂಗಳೂರಿನದೇ ಕಥೆ ಕೇಳಿ. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು 1996ರಲ್ಲಿ ಶುರುವಾಯಿತು. ಅಲ್ಲೇ ನಡೆದರೆ ನ್ಯಾಯ ಸಿಗುವುದು ಕಷ್ಟ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಬೆಂಗಳೂರಿಗೆ ಕಳಿಸಿತು. ಒಬ್ಬರಾದ ಮೇಲೊಬ್ಬರು ಜಡ್ಜುಗಳು ಬದಲಾದರು. ಕೊನೆಗೆ 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಕೂತು ತೀರ್ಪು ಕೊಟ್ಟವರು ಜಾನ್ ಮೈಕೆಲ್ ಕುನ್ಹಾ. ಆಗ ಅವರು ವಿಚಾರಣಾ ಕೋರ್ಟಿನ ಜಡ್ಜ್ ಅಷ್ಟೇ. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗೆ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ.

2015ರಲ್ಲಿ ಹೈಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2016ರ ಮೇ ತಿಂಗಳಲ್ಲಿ ಜನ ಓಟು ಹಾಕಿ ಅದೇ ನಾಯಕಿಯನ್ನು ಮತ್ತೆ ಗೆಲ್ಲಿಸಿದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್, ಕುನ್ಹಾ ಕೊಟ್ಟ ತೀರ್ಪೇ ಸರಿ ಅಂದಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಓಟಿನ ಲೆಕ್ಕ ಒಂದು, ಸಾಕ್ಷಿಯ ಲೆಕ್ಕ ಇನ್ನೊಂದು. ಆ ಜನರ ಓಟು ಕೇಳಬೇಕಾದ ಜಡ್ಜ್ ಆಗಿದ್ದರೆ ಆ ತೀರ್ಪು ಬರೆಯುತ್ತಿದ್ದರಾ? ಕುನ್ಹಾ ಮುಂದೆ ಹೈಕೋರ್ಟ್ ಜಡ್ಜ್ ಆದರು. 2025ರ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದ ತನಿಖೆಯನ್ನೂ ಸರ್ಕಾರ ಅವರಿಗೇ ವಹಿಸಿತು.

ಓಟು ಕೇಳಿದ ಜಡ್ಜೂ ನಮ್ಮಲ್ಲಿ ಇದ್ದರು. ಕೆ.ಎಸ್. ಹೆಗ್ಡೆ, ಸುಪ್ರೀಂ ಕೋರ್ಟಿನಲ್ಲಿದ್ದವರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಕೇಸಿನಲ್ಲಿ 1973ರ ಏಪ್ರಿಲ್‌ನಲ್ಲಿ ಇಂದಿರಾ ಸರ್ಕಾರಕ್ಕೆ ಹಿಡಿಸದ ತೀರ್ಪು ಬಂತು. ಹಿರಿಯರಾದ ಹೆಗ್ಡೆ ಮತ್ತು ಇನ್ನಿಬ್ಬರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಹೆಗ್ಡೆ ರಾಜೀನಾಮೆ ಬಿಸಾಕಿ ಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆ ಸ್ಪೀಕರ್ ಆದರು. ಕೋಟು ಬಿಚ್ಚಿಟ್ಟ ಮೇಲೆ ಓಟು ಕೇಳಿದ್ದು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ 1957ರಲ್ಲಿ ಕಾಂಗ್ರೆಸ್‌ನ ರಾಜ್ಯಸಭಾ ಸದಸ್ಯರಾಗಿದ್ದವರು ನೆಟ್ಟಗೆ ಹೈಕೋರ್ಟ್ ಜಡ್ಜ್ ಆದರಲ್ಲ, ಅದು ನಮಗೆ ಹಿಡಿಸುವುದಿಲ್ಲ. ಅವರು ಒಳ್ಳೆಯ ಜಡ್ಜ್ ಆಗಿದ್ದರು ಅನ್ನುವುದು ಬೇರೆ ಮಾತು.

ಹಾಗಂತ ಓಟು ಬೇಡ ಅಂದವರು ಪ್ರಶ್ನೆಯನ್ನೂ ಕೇಳಬಾರದಾ? ಕೆಳ ಕೋರ್ಟಿನ ಸಿವಿಲ್ ಜಡ್ಜುಗಳನ್ನು ಹೈಕೋರ್ಟ್ ಪರೀಕ್ಷೆ, ಸಂದರ್ಶನ ಮಾಡಿ ಆರಿಸುತ್ತದೆ. ಮೂರು ವರ್ಷ ವಕೀಲಿಕೆ ಮಾಡಿರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ನಿಯಮ ತಂದಿದೆ. ಒಳ್ಳೆಯದೇ. ಆದರೆ ನಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ಕುರ್ಚಿ ಎಷ್ಟು ದಿನದಿಂದ ಖಾಲಿ ಇದೆ, ಯಾವಾಗ ತುಂಬುತ್ತದೆ ಅಂತ ಬಾಗಿಲಲ್ಲಿ ಒಂದು ಬೋರ್ಡು ಹಾಕಲು ಏನು ಕಷ್ಟ? ತೀರ್ಪು ಕನ್ನಡದಲ್ಲಿ ಯಾಕಿಲ್ಲ? ಗೆದ್ದವನೂ ಸೋತವನೂ ಅದನ್ನು ಓದಿಸಿಕೊಳ್ಳಲು ವಕೀಲರ ಹತ್ತಿರವೇ ಹೋಗಬೇಕು.

ಗ್ರಾಮ ನ್ಯಾಯಾಲಯದ ಕಾನೂನು 2008ರದು, ಜಾರಿಗೆ ಬಂದಿದ್ದು 2009ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿ ದಿನ ನೋಡಿ. ನ್ಯಾಯಾಧಿಕಾರಿ ಹಳ್ಳಿಗೇ ಬಂದು ಕೇಸು ಕೇಳಬೇಕು ಅಂತ ಅದರಲ್ಲಿ ಬರೆದಿದೆ. ನಮ್ಮ ಹೋಬಳಿಗಳಿಗೆ ಬಂದಿದ್ದನ್ನು ನಾವಂತೂ ನೋಡಿಲ್ಲ. ಓಟು ಕೇಳಲು ಬರುವ ಎಮ್ಮೆಲ್ಲೆ ಹತ್ತಿರ ಕೇಳಬೇಕಾದ್ದು ಇದನ್ನು. ಎಲ್ಲಿ ಗ್ರಾಮ ನ್ಯಾಯಾಲಯ ಆಗಬೇಕು, ಅದಕ್ಕೆ ಎಷ್ಟು ದುಡ್ಡು ಕೊಡಬೇಕು ಅಂತ ತೀರ್ಮಾನಿಸುವುದರಲ್ಲಿ ರಾಜ್ಯ ಸರ್ಕಾರಕ್ಕೆ ಕೈಯಿದೆ.

ಆ ಅಣ್ಣನ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಟ್ಟೆವು. ಕೇಸಿನ 16 ಅಕ್ಷರದ ಸಿಎನ್ಆರ್ ನಂಬರ್ ಒತ್ತಿದರೆ ಮುಂದಿನ ತಾರೀಕು ಬರುತ್ತದೆ. ಬಂತು. ಜಡ್ಜ್ ಬಂದಿರುತ್ತಾರಾ ಅಂತ ಕೇಳಿದರು. ಅದು ಆ್ಯಪಿನಲ್ಲಿ ಬರಲ್ಲ ಅಣ್ಣ ಅಂದೆವು. ಫೈಲು ಎತ್ತಿಕೊಂಡು ಬಸ್ಸಿಗೆ ಹೊರಟರು.